ಗೋದಲಿಯ ಚೆಲುವು

ಒಂದು ಮತದ ಹಬ್ಬದಲ್ಲಿ ಆ ಮತಕ್ಕೆ ಸೇರದವನು ಚೆಲುವನ್ನು ಕಾಣಬಲ್ಲನೆ? ಕಂಡರೆ, ಆ ಚೆಲುವು ಅವನನ್ನು ಹಬ್ಬದ ಒಳಗಿರುವ ಶ್ರದ್ಧೆಯ ಹೊಸ್ತಿಲಿನವರೆಗೆ ಕರೆದೊಯ್ಯುವುದೊ, ಇಲ್ಲವೆ ಬೀದಿಯಲ್ಲಿಯೇ ನಿಲ್ಲಿಸಿ ಕಣ್ಣಿಗೆ ಇಷ್ಟು ಹಬ್ಬವನ್ನು ಮಾಡಿ ಕಳುಹಿಸಿಬಿಡುವುದೊ? ಕ್ರಿಸ್ತಜಯಂತಿಯು ಬಂದಾಗಲೆಲ್ಲ ನಮ್ಮಂಥವರ ಮನಸ್ಸಿನಲ್ಲಿ ಏಳತಕ್ಕ ಪ್ರಶ್ನೆ ಇದು. ಹುಳಿಯಾರು, ತಿಪಟೂರು, ತುರುವೇಕೆರೆಗಳ ಈ ತೆಂಗಿನ ಸೀಮೆಯಲ್ಲಿ ಕ್ರೈಸ್ತರ ಮನೆಗಳು ವಿರಳ. ಡಿಸೆಂಬರು ತಿಂಗಳಲ್ಲಿ ಅಂಗಡಿಯ ಮುಂದೆ ಕಾಗದದ ನಕ್ಷತ್ರಗಳು ತೂಗಾಡಿದರೆ ನಮ್ಮಲ್ಲಿ ಬಹುಮಂದಿಗೆ ಅದು ಪೇಟೆಯ ಒಂದು ಅಲಂಕಾರ, ಅಷ್ಟೆ. ಅದೇ ಕಾಲಕ್ಕೆ ನಮ್ಮ ಗುಡಿಗಳಲ್ಲಿ ಧನುರ್ಮಾಸದ ಪೂಜೆಗೆ ನಸುಕಿನಲ್ಲಿಯೇ ಗಂಟೆ ಬಾರಿಸುತ್ತದೆ; ಹುಗ್ಗಿಯ ಪ್ರಸಾದಕ್ಕೆ ಮಕ್ಕಳು ಚಳಿಯಲ್ಲಿ ನಡುಗುತ್ತ ನಿಲ್ಲುತ್ತಾರೆ. ರಾಗಿಯು ಕಣಕ್ಕೆ ಬಂದಿರುತ್ತದೆ, ಅವರೆಯ ಸೊಗಡು ಬೀದಿಬೀದಿಯಲ್ಲಿ ಹರಡಿರುತ್ತದೆ, ತೋಟಗಳ ಮೇಲೆ ಮಂಜು ಕುಳಿತು ತೆಂಗಿನ ತಲೆಗಳು ಮಾತ್ರ ಕಾಣುತ್ತಿರುತ್ತವೆ. ಇಂಥ ಋತುವಿನಲ್ಲಿ ನಮ್ಮ ನಸುಕಿನ ಗಂಟೆಯೂ ಅವರ ನಡುರಾತ್ರಿಯ ಪ್ರಾರ್ಥನೆಯೂ ಒಂದೇ ಚಳಿಯೊಳಗೆ ನಡೆಯುತ್ತವೆ. ಎರಡು ಮತಗಳವರೂ ಬೆಳಕಿಗಾಗಿ ಕತ್ತಲೆಯಲ್ಲಿ ಏಳುವವರೇ. ಆದರೆ ಇಷ್ಟರಿಂದಲೇ ಎರಡೂ ಒಂದೆಂದು ಹೇಳಿಬಿಡುವುದು ಸೋಮಾರಿಯ ಸಮನ್ವಯವಾದೀತು.

ಚೆಲುವು ಶ್ರದ್ಧೆಗೆ ಅಡ್ಡಿಯೆಂದು ತಿಳಿದವರು ಕ್ರೈಸ್ತರಲ್ಲಿಯೇ ಇದ್ದರು. ಇಂಗ್ಲೆಂಡಿನ ಪ್ಯೂರಿಟನ್ ಪಂಗಡದವರ ಪ್ರಾಬಲ್ಯವಿದ್ದ ಪಾರ್ಲಿಮೆಂಟು 1647ರಲ್ಲಿ ಕ್ರಿಸ್‌ಮಸ್ ಹಬ್ಬವನ್ನೇ ರದ್ದುಮಾಡಿತು. ಡಿಸೆಂಬರು 25 ಎಂಬ ತಾರೀಖು ಸುವಾರ್ತೆಗಳಲ್ಲಿಲ್ಲ, ರೋಮು ನಗರದಲ್ಲಿ 4ನೆಯ ಶತಮಾನದಲ್ಲಿ ಅದು ಆಚರಣೆಗೆ ಬಂತು, ತಿನ್ನುವುದು ಕುಡಿಯುವುದು ಕುಣಿಯುವುದು ಇವುಗಳಿಂದ ಭಕ್ತಿಯು ಕೆಡುತ್ತದೆ ಎಂಬುದು ಅವರ ವಾದ. ಇದು ನಮಗೆ ಹೊಸತೂ ಅಲ್ಲ, ಹುರುಳಿಲ್ಲದ್ದೂ ಅಲ್ಲ. ಸ್ಥಾವರದ ಬೆಡಗಿಗೆ ಮನಸೋತು ಜಂಗಮವನ್ನು ಮರೆತವರನ್ನು ನಮ್ಮ ಶರಣರು ಎಚ್ಚರಿಸಿದುದೂ ಇದೇ ಬಗೆಯ ಶಂಕೆಯಿಂದಲೇ. ಇದಕ್ಕೆ ಪ್ರತಿಯಾಗಿ, ಚೆಲುವೊಂದೇ ಸಾಕು, ಒಳಗಿನ ನಂಬಿಕೆಯ ಗೊಡವೆ ನಮಗೇಕೆ ಎನ್ನುವ ರಸಿಕರು ಇಂದು ಹೆಚ್ಚು. ದೀಪವು ಚೆನ್ನು, ಹಾಡು ಚೆನ್ನು, ಕೇಕು ಮತ್ತೂ ಚೆನ್ನು, ಅಲ್ಲಿಗೆ ಮುಗಿಯಿತು. ಪ್ಯೂರಿಟನ್ನನಾದರೂ ಹಬ್ಬದೊಡನೆ ಜಗಳವಾಡುವಷ್ಟು ಅದನ್ನು ಗಣನೆಗೆ ತೆಗೆದುಕೊಂಡನು. ಈ ರಸಿಕನು ಅಷ್ಟನ್ನೂ ಮಾಡಲಾರ.

ಇವರಿಬ್ಬರೂ ಮರೆತ ಒಂದು ಅಂಶವಿದೆ. ಅವರು ಚೆಲುವೆಂದರೆ ಕಥೆಯ ಮೇಲೆ ಹೊದಿಸಿದ ಜರಿಯ ಬಟ್ಟೆಯೆಂದು ಭಾವಿಸುತ್ತಾರೆ. ಒಬ್ಬನು ಅದನ್ನು ಕಿತ್ತೊಗೆಯುತ್ತಾನೆ, ಇನ್ನೊಬ್ಬನು ಅದನ್ನೇ ಹೊದ್ದು ಮಲಗುತ್ತಾನೆ. ಆದರೆ ಬಟ್ಟೆಯ ಮಾತನ್ನು ಬಿಟ್ಟು ಕಥೆಯನ್ನೇ ಓದಿದರೆ ಏನು ಕಾಣುತ್ತದೆ?

ಲೂಕನ ಸುವಾರ್ತೆಯು ಹೇಳುವುದು ಬಹು ಸ್ವಲ್ಪ. ಚಕ್ರವರ್ತಿಯ ಆಜ್ಞೆಯಂತೆ ಜನಗಣತಿಯಲ್ಲಿ ಹೆಸರು ಬರೆಯಿಸಲು ತುಂಬುಗರ್ಭಿಣಿಯನ್ನು ಕರೆದುಕೊಂಡು ಬಡಗಿಯೊಬ್ಬನು ಬೇತ್ಲೆಹೇಮಿಗೆ ಬರುತ್ತಾನೆ. ಅಲ್ಲಿ ಇಳಿದುಕೊಳ್ಳಲು ಸ್ಥಳವಿಲ್ಲ. ಹೆರಿಗೆಯಾಗುತ್ತದೆ. ತಾಯಿಯು ಕೂಸನ್ನು ಬಟ್ಟೆಯಲ್ಲಿ ಸುತ್ತಿ ದನಗಳು ಮೇವು ತಿನ್ನುವ ತೊಟ್ಟಿಯಲ್ಲಿ ಮಲಗಿಸುತ್ತಾಳೆ. ಈ ಕಥೆಯನ್ನು ಕನ್ನಡಕ್ಕೆ ತಂದವರು ಆರಿಸಿಕೊಂಡ ಮಾತುಗಳನ್ನು ಗಮನಿಸಬೇಕು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅವರೂ ಅವರ ಸಂಗಡಿಗರಾದ ವಿಲಿಯಂ ರೀವ್ ಅವರೂ ಈ ದೇಶದ ಪಂಡಿತರ ನೆರವಿನಿಂದ ಬೈಬಲ್ಲನ್ನು ಕನ್ನಡಿಸುವ ಕೆಲಸವನ್ನು ಕೈಗೊಂಡರು. ಅಲ್ಲಿಂದ ಮುಂದೆ ಹಲವರ ಕೈಗಳಲ್ಲಿ ತಿದ್ದುಪಡಿಯಾಗುತ್ತ ಬಂದ ಕನ್ನಡ ಬೈಬಲಿನಲ್ಲಿ, ಸ್ಥಳವಿಲ್ಲದೆ ಹೋದದ್ದು ‘ಛತ್ರ’ದಲ್ಲಿ, ಕೂಸು ಮಲಗಿದ್ದು ‘ಗೋದಲಿ’ಯಲ್ಲಿ, ಆ ರಾತ್ರಿ ಬಯಲಿನಲ್ಲಿ ಮಂದೆಯನ್ನು ಕಾಯುತ್ತಿದ್ದವರು ‘ಕುರುಬರು’. ಛತ್ರ, ಗೋದಲಿ, ಕುರುಬ! ಈ ಮೂರು ಮಾತುಗಳಿಗೆ ಅರ್ಥವನ್ನು ಕೇಳಿಕೊಂಡು ಯಾರೂ ನಿಘಂಟನ್ನು ತೆರೆಯಬೇಕಾಗಿಲ್ಲ. ದೂರದ ಯೆಹೂದ್ಯರ ನಾಡಿನ ಕಥೆಯು ಮೂರೇ ಮಾತಿನಲ್ಲಿ ನಮ್ಮ ಊರಿನ ಹೊರಬಯಲಿಗೆ ಬಂದು ನಿಂತಿತು.

ಗೋದಲಿಯ ಪಕ್ಕದಲ್ಲಿ ಎತ್ತೂ ಕತ್ತೆಯೂ ನಿಂತಿರುವಂತೆ ಚಿತ್ರಗಳಲ್ಲಿ ಕಾಣುತ್ತೇವೆ. ಲೂಕನಲ್ಲಿ ಅವು ಇಲ್ಲ. ಯೆಶಾಯನೆಂಬ ಪ್ರವಾದಿಯ ಗ್ರಂಥದಲ್ಲಿ, ಎತ್ತಿಗೂ ಕತ್ತೆಗೂ ತಮ್ಮ ಒಡೆಯನ ಗುರುತಿದೆ, ಜನಕ್ಕೆ ಮಾತ್ರ ಇಲ್ಲವೆಂಬ ಅರ್ಥದ ಒಂದು ನಿಂದೆಯ ಮಾತಿದೆ; ಭಕ್ತರು ಅಲ್ಲಿಂದ ಅವುಗಳನ್ನು ಹೊಡೆದುಕೊಂಡು ಬಂದು ಇಲ್ಲಿ ಕಟ್ಟಿದರು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಫ್ರಾನ್ಸಿಸ್ ಸಂತನು ಹುಲ್ಲು ತುಂಬಿದ ಗೋದಲಿಯನ್ನಿಡಿಸಿ, ಜೀವಂತವಾದ ಎತ್ತನ್ನೂ ಕತ್ತೆಯನ್ನೂ ನಿಲ್ಲಿಸಿ, ಹಬ್ಬದ ರಾತ್ರಿಯನ್ನು ಕಳೆದನೆಂದು ಅವನ ಚರಿತ್ರೆಯಲ್ಲಿದೆ. ಆತನಿಗೆ ಅದನ್ನು ಮಾಡಿ ತೋರಿಸಬೇಕೆಂದು ಏಕೆ ತೋರಿತು? ಅಷ್ಟು ಹೊತ್ತಿಗೆ ಗೋದಲಿಯು ಚಿನ್ನದ ಹಿನ್ನೆಲೆಯ ಚಿತ್ರಗಳಲ್ಲಿ ಸೇರಿ, ಅದರ ಗಂಜಲದ ವಾಸನೆಯನ್ನು ಕಳೆದುಕೊಂಡಿತ್ತು. ದರಿದ್ರರ ಸಂತನು ಅದಕ್ಕೆ ವಾಸನೆಯನ್ನು ಹಿಂದಕ್ಕೆ ತಂದುಕೊಟ್ಟನು.

ನಮ್ಮ ಸೀಮೆಯ ರೈತನಿಗೆ ಇಷ್ಟು ಶ್ರಮವು ಬೇಕಾಗಿರಲಿಲ್ಲ. ನಮ್ಮ ಹಳೆಯ ಮನೆಗಳನ್ನು ಕಂಡವರು ಬಲ್ಲರು: ಹೆಬ್ಬಾಗಿಲನ್ನು ದಾಟಿದರೆ ಒಂದು ಪಕ್ಕಕ್ಕೆ ಕೊಟ್ಟಿಗೆ, ಒಂದು ಮೆಟ್ಟಿಲು ಮೇಲಕ್ಕೆ ನಡುಮನೆ. ರಾತ್ರಿ ಮಲಗಿದವನಿಗೆ ದನಗಳ ಮೆಲುಕಿನ ಸದ್ದೂ ಕೊರಳಗಂಟೆಯ ಸದ್ದೂ ಮಗ್ಗುಲಲ್ಲಿಯೇ. ಮಾಗಿಯ ಚಳಿಯಲ್ಲಿ ಅವುಗಳ ಉಸಿರಿನ ಬಿಸಿಯೇ ಮನೆಗೆ ಕಂಬಳಿ. ಹಳ್ಳಿಯ ಬಾಯಲ್ಲಿ ‘ಗ್ವಾದಲಿ’ಯಾಗುವ ಆ ತೊಟ್ಟಿಯ ಅಂಚು ದನದ ಕೊರಳು ಉಜ್ಜಿ ಉಜ್ಜಿ ಕನ್ನಡಿಯಂತೆ ನುಣುಪಾಗಿರುತ್ತಿತ್ತು. ಮೇಲೆ ಅಟ್ಟ, ಅಟ್ಟದ ಮೇಲೆ ಕೊಬ್ಬರಿಗೆಂದು ಹಾಕಿದ ಕಾಯಿ. ಈ ಕೊಬ್ಬರಿಯ ವಿಚಾರವನ್ನು ಇಲ್ಲಿ ಎರಡು ಮಾತು ಹೇಳಿದರೆ ವಾಚಕರು ಬೇಸರಪಡಲಾರರೆಂದು ನಂಬುತ್ತೇನೆ. ತೆಂಗಿನಕಾಯಿಯನ್ನು ಒಡೆದು ಬಿಸಿಲಿಗಿಟ್ಟು ಒಣಗಿಸುವುದು ಬೇರೆ ದೇಶದವರ ಕ್ರಮ. ತಿಪಟೂರಿನ ಉಂಡೆಕೊಬ್ಬರಿಗೆ ಆ ಅವಸರವಿಲ್ಲ. ಬಲಿತ ಕಾಯಿಯು ಸಿಪ್ಪೆಯೊಡನೆಯೇ ಅಟ್ಟದ ಕತ್ತಲೆಯಲ್ಲಿ, ಕೆಳಗಿನ ಒಲೆಯ ಹೊಗೆಯ ಬಿಸಿಗೆ, ಎಂಟು ಹತ್ತು ತಿಂಗಳು ಸುಮ್ಮನೆ ಬಿದ್ದಿರಬೇಕು. ಒಳಗಿನ ನೀರು ತಾನಾಗಿ ಇಂಗಬೇಕು. ತಿರುಳು ಚಿಪ್ಪನ್ನು ತಾನಾಗಿ ಬಿಡಬೇಕು. ಕೊನೆಗೆ ಕೈಯಲ್ಲಿ ಹಿಡಿದು ಅಲುಗಿಸಿದರೆ ಗಿಟುಕು ಒಳಗಿನಿಂದ ಸದ್ದುಮಾಡುತ್ತದೆ. ಹೊರಗಿನಿಂದ ನೋಡುವವನಿಗೆ ಹತ್ತು ತಿಂಗಳಲ್ಲಿ ಏನೊಂದೂ ಆಗಿರುವುದಿಲ್ಲ.

ಕ್ರೈಸ್ತರು ಹಬ್ಬಕ್ಕೆ ಮುಂಚೆ ನಾಲ್ಕು ಭಾನುವಾರಗಳ ಒಂದು ಕಾಯುವ ಕಾಲವನ್ನು ಇಟ್ಟುಕೊಂಡಿದ್ದಾರೆ. ಅಂಗಡಿಯ ನಕ್ಷತ್ರವು ಈ ಕಾಯುವಿಕೆಯನ್ನು ತಿಳಿಯದು. ಅದು ತಿಂಗಳಿಗೆ ಮೊದಲೇ ಉರಿಯುತ್ತದೆ. ಲೂಕನು ಮಾತ್ರ ಇದನ್ನು ಬಲ್ಲನು. ಕುರುಬರು ಓಡಿಬಂದು ಕಂಡದ್ದನ್ನೂ ಕೇಳಿದ್ದನ್ನೂ ಎಲ್ಲರಿಗೂ ಸಾರಿಕೊಂಡು ಹೋದಮೇಲೆ, ಆ ಬಾಣಂತಿಯು ಈ ಸಂಗತಿಗಳನ್ನೆಲ್ಲ ಮನಸ್ಸಿನಲ್ಲಿಯೇ ಇಟ್ಟುಕೊಂಡು ಮಥಿಸುತ್ತಿದ್ದಳೆಂದು ಆತನು ಒಂದು ಮಾತು ಬರೆದಿದ್ದಾನೆ. ಸಾರಿದವರ ಸಂತೋಷವು ಸುಳ್ಳಲ್ಲ. ಆದರೆ ಶ್ರದ್ಧೆಯು ಅಟ್ಟವನ್ನು ಏರಿದ್ದು ಆ ತಾಯಿಯಲ್ಲಿ.

ನಮ್ಮ ಕೃಷ್ಣಜನನದ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡದೆ ಇರುವುದು ನಮಗೆ ಸಾಧ್ಯವಿಲ್ಲ. ಅಲ್ಲಿಯೂ ನಡುರಾತ್ರಿ, ಅಲ್ಲಿಯೂ ಕ್ರೂರನಾದ ಅರಸು, ಅಲ್ಲಿಯೂ ಗೊಲ್ಲರ ಮನೆ. ಹೋಲಿಕೆಯು ಸ್ಪಷ್ಟ, ಭೇದವು ಅದಕ್ಕಿಂತ ಬೋಧಪ್ರದ. ಕೃಷ್ಣನನ್ನು ನೆನೆದ ಕವಿಯು ಮೊದಲು ನೆನೆಯುವುದು ಅವನ ಚೆಲುವನ್ನು: ಮೇಘದ ಬಣ್ಣ, ನವಿಲುಗರಿ, ಕಾಲ ಗೆಜ್ಜೆ. ಸೆರೆಮನೆಯ ಕತ್ತಲೆಯೂ ಆ ಶಿಶುವಿನ ಕಾಂತಿಯಿಂದ ಬೆಳಗುತ್ತದೆ. ಬೇತ್ಲೆಹೇಮಿನ ಶಿಶುವು ಕಪ್ಪೋ ಕೆಂಪೋ, ನಕ್ಕಿತೋ ಅತ್ತಿತೋ, ಲೂಕನು ಒಂದು ಮಾತನ್ನೂ ಹೇಳಿಲ್ಲ. ಕುರುಬರಿಗೆ ದೇವದೂತನು ಕೊಟ್ಟ ಗುರುತೆಂದರೆ, ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿರುವ ಒಂದು ಕೂಸು ಎಂಬುದಿಷ್ಟೆ. ಇದು ತೇಜಸ್ಸಿನ ಗುರುತಲ್ಲ, ಬಡತನದ ಗುರುತು. ಬೆಳಕೆಲ್ಲವೂ ಹೊರಗೆ ಬಯಲಿನಲ್ಲಿ, ದೂತರ ಸುತ್ತ; ಕೂಸಿನ ಬಳಿಯಲ್ಲಿ ಏನೂ ಇಲ್ಲ. ಆ ಕುರುಬರು ಬೆಳಕನ್ನು ಬಿಟ್ಟು ಬೆಳಕಿಲ್ಲದ ಕಡೆಗೆ ನಡೆದುಹೋದರು. ಅಲ್ಲಿ ಅವರು ಚೆಲುವನ್ನು ಕಂಡಿದ್ದರೆ ಅದು ಕಣ್ಣಿಗೆ ಮೊದಲು ಬಿದ್ದ ಚೆಲುವಲ್ಲ. ಹೇಳಿದ ಮಾತನ್ನು ನಂಬಿದ ಮೇಲೆ ಕಾಣಿಸಿದ್ದು. ನಮ್ಮ ಕಥೆಯಲ್ಲಿ ಚೆಲುವು ಭಕ್ತಿಯನ್ನು ಹುಟ್ಟಿಸುತ್ತದೆ. ಅವರ ಕಥೆಯಲ್ಲಿ ಶ್ರದ್ಧೆಯು ಚೆಲುವನ್ನು ಕಾಣಿಸುತ್ತದೆ. ಯಾವುದು ಮೇಲೆಂದು ಕೇಳುವುದು ಅವಿವೇಕ. ಎರಡನ್ನೂ ಕಲಸಿ ಒಂದು ಮುದ್ದೆಮಾಡುವುದು ಅದಕ್ಕಿಂತ ಅವಿವೇಕ.

ಕನ್ನಡದ ಕವಿತೆಯು ಬೇತ್ಲೆಹೇಮಿಗಿಂತ ಗೊಲ್ಗೊಥಾ ಬೆಟ್ಟಕ್ಕೆ ಹೆಚ್ಚು ಮನಸೋತಿದೆಯೆಂದು ನನಗೆ ತೋರುತ್ತದೆ. ನಿಘಂಟುಕಾರರಾದ ಕಿಟ್ಟೆಲ್ ಅವರು 1862ರಷ್ಟು ಹಿಂದೆಯೇ ಕ್ರಿಸ್ತಚರಿತೆಯನ್ನು ನಮ್ಮ ಛಂದಸ್ಸಿಗೆ ತಂದು ‘ಕಥಾಮಾಲೆ’ಯನ್ನು ರಚಿಸಿದರು. ಪರದೇಶದವರೊಬ್ಬರು ನಮ್ಮ ಗಣಮಾತ್ರೆಗಳಿಗೆ ತಮ್ಮ ದೇವರನ್ನು ಒಪ್ಪಿಸಿದ ಆ ಸಾಹಸವು ಪೂಜ್ಯವಾದದ್ದು. ಆದರೆ ಕನ್ನಡದ ರಸಿಕರ ಎದೆಗೆ ತಾಕಿದ್ದು ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’. ಆ ಖಂಡಕಾವ್ಯದ ವಸ್ತು ಯೇಸುವಿನ ಕಡೆಯ ದಿನ. ಮುಂದೆ ಬುದ್ಧನ ಕಡೆಯ ದಿನವನ್ನು ಅವರು ‘ವೈಶಾಖಿ’ಯಲ್ಲಿ ಹಾಡಿದರು. ಮಹಾತ್ಮ ಗಾಂಧಿಯವರಿಗೂ ಹೀಗೆಯೇ. 1931ರ ಡಿಸೆಂಬರಿನಲ್ಲಿ ರೋಮಿಗೆ ಹೋಗಿದ್ದಾಗ ವ್ಯಾಟಿಕನ್ನಿನಲ್ಲಿ ಶಿಲುಬೆಯ ಮೇಲಿನ ಕ್ರಿಸ್ತನ ಪ್ರತಿಮೆಯ ಮುಂದೆ ನಿಂತು ಅವರು ಕಣ್ಣೀರು ತಂದುಕೊಂಡರು. ಸಾಯುವ ಸಂತನನ್ನು ನಾವು ಬಲ್ಲೆವು. ತ್ಯಾಗವು ನಮಗೆ ಅರ್ಥವಾಗುತ್ತದೆ. ತನ್ನಿಂದ ಏನನ್ನೂ ಮಾಡಲಾರದ, ತ್ಯಾಗಕ್ಕೂ ಶಕ್ತಿಯಿಲ್ಲದ ಕೂಸನ್ನು ದೇವರೆಂದು ನಂಬುವುದು ಅದಕ್ಕಿಂತ ಕಷ್ಟ. ಅದೇ ಡಿಸೆಂಬರಿನ 25ರಂದು, ಸ್ವದೇಶಕ್ಕೆ ಮರಳುತ್ತಿದ್ದ ‘ಪಿಲ್ಸ್ನಾ’ ಹಡಗಿನಲ್ಲಿ ಮುಂಜಾನೆಯ ಪ್ರಾರ್ಥನೆಯ ತರುವಾಯ ಮಾತನಾಡುತ್ತ ಗಾಂಧಿಯವರು, ಜಗತ್ತಿನಲ್ಲಿ ನಿಜವಾದ ಶಾಂತಿಯು ನೆಲೆಗೊಳ್ಳದಿರುವ ತನಕ ಕ್ರಿಸ್ತನು ಇನ್ನೂ ಹುಟ್ಟಿಲ್ಲವೆಂದೇ ತಿಳಿಯಬೇಕು ಎಂಬ ಅಭಿಪ್ರಾಯವನ್ನು ತಿಳಿಸಿದರು. ಹಬ್ಬದ ದಿನ ಹೇಳಲು ಇದು ಕಟುವಾದ ಮಾತೇ ಸರಿ. ಆದರೆ 1914ರ ಡಿಸೆಂಬರನ್ನು ಮರೆಯದವರಿಗೆ ಅದು ಅತಿಯೆನಿಸಲಾರದು. ಆ ವರ್ಷ ಪಶ್ಚಿಮದ ರಣರಂಗದಲ್ಲಿ ಅಲ್ಲಲ್ಲಿ ಆಂಗ್ಲರೂ ಜರ್ಮನರೂ ಕಂದಕಗಳಿಂದ ಎದ್ದುಬಂದು, ಒಟ್ಟಿಗೆ ಹಬ್ಬದ ಹಾಡುಗಳನ್ನು ಹಾಡಿ, ಕೈಕುಲುಕಿ, ಸತ್ತವರನ್ನು ಮಣ್ಣುಮಾಡಿದರು. ಅದಕ್ಕಿಂತ ಚೆಲುವಾದ ಕ್ರಿಸ್‌ಮಸ್ಸನ್ನು ಆ ಶತಮಾನವು ಕಂಡಿತೋ ಇಲ್ಲವೋ. ಬಳಿಕ ಅವರೆಲ್ಲರೂ ತಮ್ಮ ತಮ್ಮ ಕಂದಕಗಳಿಗೆ ಇಳಿದರು; ಯುದ್ಧವು ಇನ್ನೂ ನಾಲ್ಕು ವರ್ಷ ನಡೆಯಿತು.

ಚೆಲುವು ಬಂದು ಹೋಗಬಲ್ಲದು ಎಂಬುದಕ್ಕೆ ಯೂರೋಪಿನವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕೂ ಸೇರಿದಂತೆ ಈ ಜಿಲ್ಲೆಯಲ್ಲಿ ಕಾಡುಗೊಲ್ಲರ ಹಟ್ಟಿಗಳು ಬಹಳ. ಊರಿನಿಂದ ದೂರ, ಮಂದೆಯ ಸಮೀಪದಲ್ಲಿ ನೆಲಸಿದ ಜನ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನು ಅವರ ವೀರ, ಅವರ ದೇವರು, ದನಕಾಯುವವನೇ ದೇವರಾದದ್ದು. ನೀಳವಾದ ಬಿದಿರಿನ ಗಣೆಯನ್ನು ಊದುತ್ತ ಅವನ ಕಥೆಯನ್ನು ಹಾಡುತ್ತಾರೆ. ರಾತ್ರಿಯ ಬಯಲಿನಲ್ಲಿ ಆ ದನಿಯನ್ನು ಕೇಳಿದವನು ಲೂಕನ ಕುರುಬರನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಇಷ್ಟು ಚೆಲುವಾದ ಶ್ರದ್ಧೆ. ಆದರೆ ಇದೇ ಶ್ರದ್ಧೆಯ ಹೆಸರಿನಲ್ಲಿ, ಸೂತಕವು ದೇವರಿಗೆ ತಾಕಬಾರದೆಂದು, ಮುಟ್ಟಾದ ಹೆಣ್ಣನ್ನೂ ಹೆತ್ತ ಬಾಣಂತಿಯನ್ನೂ ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇರಿಸುವ ಪದ್ಧತಿಯು ನಡೆದುಬಂದಿದೆ. 2023ರ ಜುಲೈ ತಿಂಗಳ ಮಳೆಗಾಳಿಯಲ್ಲಿ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯ ಹೊರಗೆ ಹೀಗೆ ಗುಡಿಸಲಿನಲ್ಲಿ ತಾಯಿಯೊಡನಿದ್ದ ಹಸುಗೂಸು ಶೀತಕ್ಕೆ ಸಿಕ್ಕಿ ತೀರಿಕೊಂಡಿತು.

ಛತ್ರದಲ್ಲಿ ಸ್ಥಳವಿಲ್ಲದೆ ಹೋಯಿತೆಂಬ ಮಾತನ್ನು ಇದಾದ ಮೇಲೆ ನಾವು ಮೊದಲಿನಂತೆ ಓದಲಾರೆವು. ಬೇತ್ಲೆಹೇಮಿನಲ್ಲಿ ಜನಸಂದಣಿಯ ಕಾರಣವಾದರೂ ಇತ್ತು. ಇಲ್ಲಿ ಮನೆಯಿತ್ತು, ಮನೆಯೊಳಗೆ ಸ್ಥಳವಿತ್ತು, ಪ್ರೀತಿಯೂ ಇತ್ತು. ಆ ಕೂಸಿಗಾಗಿ ಅತ್ತವರಲ್ಲಿ ಹೊರಗಿರಿಸಿದವರೂ ಇದ್ದಿರಬೇಕು. ಹಾಗೆಂದು ಹಟ್ಟಿಯವರನ್ನು ಬೈಯುವ ಹಕ್ಕು ನಮಗೆ ಸುಲಭವಾಗಿ ಬರುವುದಿಲ್ಲ. ಊರೊಳಗಿನ ಮನೆಗಳಲ್ಲಿ ಹಿತ್ತಿಲ ಕೋಣೆಯೂ ಬೇರೆ ಲೋಟವೂ ಎಷ್ಟು ಕಾಲ ಇದ್ದುವೆಂಬುದನ್ನು ನಮ್ಮ ಅಜ್ಜಿಯರು ಹೇಳಬಲ್ಲರು. ಊರ ಹೊರಗೆ ಇರಿಸಿದವರಿಗೆ ಊರೊಳಗೆ ಬರಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಹೇಳಲು ಅಜ್ಜಿಯರೂ ಬೇಕಾಗಿಲ್ಲ. ಗೋದಲಿಯನ್ನು ಕಟ್ಟಿ ದೀಪವಿಡುವ ದೇವಾಲಯಗಳಲ್ಲಿಯೂ, ದಕ್ಷಿಣ ಭಾರತದ ಎಷ್ಟೋ ಕಡೆ, ಜಾತಿಯ ಬೇಲಿಯು ಒಳಕ್ಕೆ ಬಂದು ಕುಳಿತದ್ದುಂಟು. ಗೋದಲಿಯನ್ನು ಮೆಚ್ಚುವುದು ಎಲ್ಲರಿಗೂ ಸುಲಭ, ಅದು ಮಣ್ಣಿನ ಬೊಂಬೆಯಾಗಿರುವ ತನಕ.

ಇಲ್ಲಿ ಒಂದು ಆಕ್ಷೇಪವು ಬರಬಹುದು: ನೀವು ಕ್ರೈಸ್ತಶ್ರದ್ಧೆಯನ್ನು ಸಮಾಜಸುಧಾರಣೆಗೆ ಇಳಿಸಿಬಿಟ್ಟಿರಿ; ಬಾಣಂತಿಯನ್ನು ಮನೆಯೊಳಗೆ ಇರಿಸಿಕೊಳ್ಳಲು ದೇವರು ಮನುಷ್ಯನಾಗಿ ಹುಟ್ಟಬೇಕಾಗಿತ್ತೆ, ಒಬ್ಬ ಒಳ್ಳೆಯ ದಾಯಿಯು ಹೇಳಿದರೆ ಸಾಲದೆ ಎಂದು. ಆಕ್ಷೇಪವು ಯಥಾರ್ಥವಾದದ್ದು. ಕ್ರೈಸ್ತನು ನಂಬುವುದು ಇದಕ್ಕಿಂತ ಬಹಳ ಹೆಚ್ಚು. ಸೃಷ್ಟಿಯ ಒಡೆಯನೇ ಆ ತೊಟ್ಟಿಯಲ್ಲಿ ಮಲಗಿದನೆಂದು ಅವನ ನಂಬಿಕೆ. ಅದು ದೃಷ್ಟಾಂತವಲ್ಲ, ರೂಪಕವಲ್ಲ, ನಡೆದದ್ದು. ಅಷ್ಟನ್ನು ಒಪ್ಪದವನು ಒಪ್ಪಿದವನಂತೆ ನಟಿಸಬಾರದು. ಮೊಣಕಾಲೂರಿದವನ ಪಕ್ಕದಲ್ಲಿ ನಿಂತುಕೊಂಡೇ ಇರುವುದು ಅವನ ಪಾಲಿನ ಪ್ರಾಮಾಣಿಕತೆ. ಆದರೆ ನಿಂತವನಿಗೂ ಕಣ್ಣಿದೆ. ಮೊಣಕಾಲೂರಿದವನು ಯಾವ ದಿಕ್ಕಿಗೆ ಬಾಗಿದ್ದಾನೆಂಬುದು ಅವನಿಗೆ ಕಾಣುತ್ತದೆ. ಸಿಂಹಾಸನದ ಕಡೆಗಲ್ಲ, ಕೊಟ್ಟಿಗೆಯ ಕಡೆಗೆ. ನನ್ನ ಮಟ್ಟಿಗೆ ಈ ಹಬ್ಬದ ಚೆಲುವೆಂದರೆ ಆ ಬಾಗು. ಅದನ್ನು ಕಂಡಮೇಲೆ ಹೊರಗೆ ಇರಿಸಿದವರ ಗುಡಿಸಲುಗಳೆಲ್ಲ ಕಣ್ಣಿಗೆ ಬೀಳತೊಡಗುತ್ತವೆ. ಒಮ್ಮೆ ಬಿದ್ದುವೆಂದರೆ ಮತ್ತೆ ಕಾಣದಂತೆ ಮಾಡಿಕೊಳ್ಳುವುದು ಕಷ್ಟ. ಆ ಕಷ್ಟಕ್ಕೆ ಶ್ರದ್ಧೆಯೆಂಬ ಹೆಸರು ಸಲ್ಲುವುದೋ ಇಲ್ಲವೋ, ಅದನ್ನು ಶಾಸ್ತ್ರಜ್ಞರು ನಿರ್ಣಯಿಸಲಿ.

ಈ ಹಟ್ಟಿಗಳ ವಿಷಯದಲ್ಲಿ ಸರ್ಕಾರದವರು ಒಂದು ಉಪಾಯವನ್ನು ಮಾಡಿದ್ದರು. ಹೊರಗಿರುವ ಹೆಣ್ಣುಮಕ್ಕಳು ಸೋಗೆಯ ಗುಡಿಸಲಿನಲ್ಲಿ ನೆನೆಯಬಾರದೆಂದು ಹಲವು ಗೊಲ್ಲರಹಟ್ಟಿಗಳ ಬಳಿ ಗಟ್ಟಿಯಾದ ಕಟ್ಟಡಗಳನ್ನು ಕಟ್ಟಿಸಿ ‘ಕೃಷ್ಣ ಕುಟೀರ’ವೆಂದು ಹೆಸರಿಟ್ಟರು. ಉದ್ದೇಶವು ಕರುಣೆಯದೇ. ಆದರೆ ಹೊರಗಿಡುವುದನ್ನು ನಿಲ್ಲಿಸದೆ ಹೊರಗಿಟ್ಟವರಿಗೆ ಗೋಡೆಯನ್ನು ಕಟ್ಟಿಕೊಟ್ಟಂತಾಯಿತೆಂದು ಆಗಲೇ ಹಲವರು ಆಡಿದರು. ಸೆರೆಯಲ್ಲಿ ಹುಟ್ಟಿ ಗೊಲ್ಲರ ಮನೆಯ ಒಳಗೆ ಬೆಳೆದ ದೇವರ ಹೆಸರನ್ನು ಆ ಹೊರಗಿನ ಕೋಣೆಗೆ ಇಟ್ಟವರು ಅಷ್ಟನ್ನು ಯೋಚಿಸಿದ್ದರೊ ಇಲ್ಲವೊ.

ಆ ಕೂಸು ತೀರಿಕೊಂಡ ವರ್ಷದಲ್ಲಿಯೇ, ಕೆಲವು ವಾರಗಳ ತರುವಾಯ, ಗುಬ್ಬಿ ತಾಲ್ಲೂಕಿನ ಮತ್ತೊಂದು ಗೊಲ್ಲರಹಟ್ಟಿಯ ಹೊರಗೆ ಇಂಥದೇ ಒಂದು ಗುಡಿಸಲಿನಲ್ಲಿ ಬಾಣಂತಿಯೂ ಕೂಸೂ ಇರುವ ಸುದ್ದಿಯು ಗುಬ್ಬಿಯ ನ್ಯಾಯಾಲಯಕ್ಕೆ ಮುಟ್ಟಿತು. ವೆಸ್ಲಿಯನ್ ಮಿಶನ್ನಿನವರು 19ನೆಯ ಶತಮಾನದ ಮೊದಲರ್ಧದಲ್ಲಿಯೇ ಬಂದು ನೆಲಸಿ ಈ ಗೋದಲಿಯ ಕಥೆಯನ್ನು ಕನ್ನಡದಲ್ಲಿ ಸಾರಿದ ಊರು ಆ ಗುಬ್ಬಿ. ಅಲ್ಲಿನ ನ್ಯಾಯಾಧೀಶೆಯೊಬ್ಬರು ತಾವೇ ಹಟ್ಟಿಗೆ ಹೋಗಿ, ಮನೆಯವರೊಡನೆ ಮಾತನಾಡಿ, ತಾಯಿಯನ್ನೂ ಮಗುವನ್ನೂ ಗುಡಿಸಲಿನಿಂದ ಮನೆಯೊಳಕ್ಕೆ ಸೇರಿಸಿದರು. ಅದು ಆಗಸ್ಟ್ ತಿಂಗಳು. ನಕ್ಷತ್ರದೀಪಗಳ ಕಾಲ ಬರಲು ಇನ್ನೂ ನಾಲ್ಕು ತಿಂಗಳಿತ್ತು.